ಉತ್ತರ: ಪುಣೆ ಪಾರ್ಕಿನ ಹುಲ್ಲು ಜುಲೈಲೇ ಕಟ್ ಮಾಡಿಸ್ಬೇಕಾ?

ಬೇಡ ಸರ್, ದಯವಿಟ್ಟು ಜುಲೈಲಿ ಕಟ್ ಮಾಡಿಸ್ಬೇಡಿ. ಮಳೆಗಾಲದಲ್ಲೇ ಗೀಜಗ, ರಾಟವಾಳ (ಮುನಿಯಾ) ಥರದ ಹಕ್ಕಿಗಳೆಲ್ಲಾ ಗೂಡು ಕಟ್ಟೋದು, ಅದಕ್ಕೆ ಉದ್ದ ಹುಲ್ಲೇ ಬೇಕು, ಮರಿಗಳಿಗೆ ಹುಳಹುಪ್ಪಟೆ ಸಿಗೋದೂ ಅಲ್ಲೇ. ನವೆಂಬರ್‌ವರೆಗೆ ಬಿಡಿ, ಹುಲ್ಲು ಬೀಜ ಉದುರಿಸಿದ ಮೇಲೆ ಕೊಯ್ಸಿ, ಅದೂ ಒಂದೇ ಸಲ ಪೂರ್ತಿ ಬೋಳಿಸ್ಬೇಡಿ, ಅರ್ಧ ಈ ವರ್ಷ ಅರ್ಧ ಮುಂದಿನ ವರ್ಷ. ಹಾವಿನ ಭಯ ಅಂತ ಜನ ಹೇಳ್ತಾರೆ ಅಂದ್ರಲ್ಲ, ವಾಕಿಂಗ್ ಟ್ರ್ಯಾಕಿನ ಎರಡೂ ಬದಿ ಒಂದೊಂದು ಮೀಟರ್ ಗಿಡ್ಡ ಮಾಡ್ಸಿ, ಸಾಕು.

ಆದ್ರೆ ನೀವು ಪಾರ್ಕಲ್ಲಿ ನೋಡಿದ ಟಿಟ್ಟಿಭ ಹಕ್ಕಿಯ ಕಥೆ ಬೇರೆ, ಅದು ಬೋಳು ನೆಲದಲ್ಲಿ ಕಲ್ಲುಗಳ ಮಧ್ಯೆ ಸಾಮಾನ್ಯವಾಗಿ ನಾಲ್ಕು ಮೊಟ್ಟೆ ಇಡತ್ತೆ, ಮಾರ್ಚ್‌ನಿಂದ ಆಗಸ್ಟ್‌ವರೆಗೂ, ಮರಿ ಆಗಕ್ಕೆ ಸುಮಾರು ನಾಲ್ಕು ವಾರ, ಮೊಟ್ಟೆ ಮಣ್ಣಿನ ಬಣ್ಣವೇ ಇರೋದ್ರಿಂದ ಕಾಲಡಿ ಬಂದ್ರೂ ಗೊತ್ತಾಗಲ್ಲ. ಆ ಜಾಗ ಹಾಗೇ ಇರ್ಲಿ, ಸುತ್ತ ದೂರದಲ್ಲಿ ಹಗ್ಗ ಕಟ್ಟಿಸಿ, ನಾಯಿಗಳನ್ನ ಬೆಲ್ಟ್ ಬಿಚ್ಚಿ ಬಿಡದ ಹಾಗೆ ನೋಡ್ಕೊಳ್ಳಿ.

ಇನ್ನೊಂದು, ಖಾಲಿ ಜಾಗ ಅಂತ ಯಾರಾದ್ರೂ ಗಿಡ ನೆಡೋ ಕಾರ್ಯಕ್ರಮ ಇಟ್ರೆ ಖಂಡಿತ ತಡೀರಿ, ನೆರಳು ಬಿದ್ರೆ ಹುಲ್ಲೇ ಹೋಗತ್ತೆ, ಬಯಲಲ್ಲಿ ನೆಲದ ಮೇಲೇ ಗೂಡು ಕಟ್ಟೋ ನೆಲಗುಬ್ಬಿ ಹಕ್ಕಿನೂ ಹೋಗತ್ತೆ. ಮಾಲಿಗೆ ಮೊದ್ಲೇ ಹೇಳಿಡಿ, ಇಲ್ಲಿ ಹಕ್ಕಿಗಳ ಗೂಡಿದೆ ಅಂತ ಬೋರ್ಡ್ ಮರಾಠಿಲಿ ಹಾಕ್ಸಿ.