ಪ್ರವಾಸ ಪ್ರಶ್ನೋತ್ತರ: ತೈವಾನ್ ದ್ವೀಪಕ್ಕೊಂದು ಪ್ರದಕ್ಷಿಣೆ

ತೈವಾನ್ ಪ್ರವಾಸದ ಬಗ್ಗೆ ಈಚೆಗೆ ಹಲವು ಪತ್ರಗಳು ಬಂದಿರುವುದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಆ ದ್ವೀಪಕ್ಕೇ ಮೀಸಲಿಟ್ಟಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಉತ್ತರಿಸಲಾಗಿದೆ.

ಪ್ರಶ್ನೆ: ನಾವಿಬ್ಬರೂ ನಿವೃತ್ತ ಶಿಕ್ಷಕರು. ಶಿಂಚು ನಗರದ ಚಿಪ್ ತಯಾರಿಕಾ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿರುವ ಮಗಳ ಬಳಿಗೆ ಹೋಗುವವರಿದ್ದೇವೆ. ಹತ್ತು ದಿನ ಬಿಡುವು ಸಿಗುತ್ತದೆ. ವೇಗದ ರೈಲಿನಲ್ಲಿ ಮುಖ್ಯ ನಗರಗಳನ್ನು ನೋಡಿ ಬಂದರೆ ಸಾಕೇ? — ದಂಪತಿ, ಮೈಸೂರು

ಉತ್ತರ: ಸಾಲದು ಎಂದೇ ನಮ್ಮ ಅಭಿಪ್ರಾಯ. 2007ರಲ್ಲಿ ಆರಂಭವಾದ ವೇಗದ ರೈಲು ತೈಪೆಯಿಂದ ಕಾವೋಶುಂಗ್ ನಗರದವರೆಗಿನ ಸುಮಾರು 350 ಕಿಲೋಮೀಟರ್ ದಾರಿಯನ್ನು ಎರಡು ಗಂಟೆಯ ಆಸುಪಾಸಿನಲ್ಲಿ ಕ್ರಮಿಸುತ್ತದೆಯಾದರೂ ಅದು ಪಶ್ಚಿಮ ಕರಾವಳಿಗಷ್ಟೇ ಸೀಮಿತವಾಗಿದೆ. ಅದರ ಹಲವು ನಿಲ್ದಾಣಗಳು ಹಳೆಯ ಊರುಗಳಿಂದ ದೂರದ ಬಯಲಿನಲ್ಲಿವೆ. ತೈವಾನಿನ ವಿಸ್ತೀರ್ಣ ಸುಮಾರು 36,000 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೇ ಒಂದು ಪಾಲಿಗಿಂತ ತುಸು ಕಡಿಮೆ. ಇಷ್ಟು ಚಿಕ್ಕ ದ್ವೀಪದಲ್ಲಿ ಅವಸರಪಡುವ ಅಗತ್ಯವಿಲ್ಲ. ಸಾಮಾನ್ಯ ರೈಲುಗಳ ಹಳಿಯಾದರೋ ದ್ವೀಪವನ್ನು ಪೂರ್ತಿ ಸುತ್ತಿ ಬರುತ್ತದೆ. ಬೆಟ್ಟಗಳನ್ನು ಕೊರೆದು ಹಾಕಿದ ದಕ್ಷಿಣದ ತುಂಡು 1990ರ ದಶಕದ ಆರಂಭದಲ್ಲಿ ಸಿದ್ಧವಾದ ಮೇಲೆಯೇ ಈ ವರ್ತುಲ ಕೂಡಿಕೊಂಡಿತು. ದ್ವೀಪವನ್ನು ಒಮ್ಮೆಯಾದರೂ ಹೀಗೆ ಸುತ್ತಬೇಕೆಂಬ ಹಂಬಲ ಅಲ್ಲಿನವರಿಗೂ ಇದೆ. ಕಾಲೇಜು ಮುಗಿಸಿದ ಹುಡುಗರು ಸೈಕಲ್ಲಿನಲ್ಲಿ, ಹಿರಿಯರು ರೈಲಿನಲ್ಲಿ ಹೊರಡುತ್ತಾರೆ.

ತೈಪೆಯಿಂದ ಮೊದಲು ಪಶ್ಚಿಮಕ್ಕೆ ಇಳಿದು, ದಕ್ಷಿಣದ ತುದಿಯನ್ನು ಬಳಸಿ, ಪೂರ್ವ ಕರಾವಳಿಯ ಮೂಲಕ ಹಿಂತಿರುಗುವ ದಿಕ್ಕು ಒಳ್ಳೆಯದು. ಹಾಗೆ ಹೊರಟಾಗ ಸಮುದ್ರ ಯಾವಾಗಲೂ ಬಲಗಡೆಗೇ ಇರುತ್ತದೆ. ಫಾಂಗ್ಲಿಯಾವ್ ದಾಟಿದ ಮೇಲೆ ತೈತುಂಗ್‌ವರೆಗೆ, ಅನಂತರ ಹ್ವಾಲಿಯೆನ್‌ನಿಂದ ಯೀಲಾನ್‌ವರೆಗೆ, ಬಲಬದಿಯ ಕಿಟಕಿಯ ಸೀಟನ್ನು ಕೇಳಿ ಪಡೆಯಿರಿ. ಪೂರ್ವದ ಮಾರ್ಗದ ಟಿಕೆಟುಗಳು ವಾರಾಂತ್ಯಕ್ಕೆ ಬೇಗ ಮುಗಿದುಹೋಗುವುದರಿಂದ ಮಗಳಿಗೆ ಹೇಳಿ ಮುಂಚಿತವಾಗಿ ಕಾಯ್ದಿರಿಸುವುದು ಕ್ಷೇಮ.

ತೈಪೆಗೆ ಎರಡು ದಿನ ಸಾಕು. ಹಳೆಯ ರಾಜಧಾನಿಯಾದ ತೈನಾನ್‌ನಲ್ಲಿ ಮಾತ್ರ ಮೂರು ರಾತ್ರಿಯಾದರೂ ತಂಗಬೇಕು. 1624ರಲ್ಲಿ ಬಂದ ಡಚ್ಚರು ಕೋಟೆ ಕಟ್ಟಿದ್ದು ಅಲ್ಲಿನ ಆನ್‌ಪಿಂಗ್ ಬಂದರಿನಲ್ಲಿ. 1662ರಲ್ಲಿ ಅವರನ್ನು ಹೊರಗಟ್ಟಿದ ಚೀನೀ ಸೇನಾಪತಿ ಕೊಕ್ಸಿಂಗನ ವಂಶದ ಆಳ್ವಿಕೆಯಲ್ಲಿ, 1665ರಲ್ಲಿ, ಅಲ್ಲಿನ ಕನ್‌ಫ್ಯೂಷಿಯಸ್ ಮಂದಿರ ಎದ್ದಿತು. ಆದರೆ ಆ ಊರಿನ ಸೊಗಸು ಸ್ಮಾರಕಗಳಿಗಿಂತ ಗಲ್ಲಿಗಳಲ್ಲಿದೆ: ಒಂದು ಬೀದಿಯ ತಿರುವಿಗೆ ಒಂದು ಗುಡಿ, ಗುಡಿಯ ಎದುರಿಗೆ ತಿಂಡಿಯ ಗಾಡಿ, ಪಕ್ಕದಲ್ಲಿ ಚದುರಂಗ ಆಡುವ ಮುದುಕರು.

ದಾರಿಯಲ್ಲಿ ಚಿಯಾಯಿ ನಗರದಲ್ಲಿ ಇಳಿದರೆ ಅಲಿಶಾನ್ ಅರಣ್ಯ ರೈಲನ್ನು ಹಿಡಿಯಬಹುದು. ಜಪಾನೀಯರು ತಮ್ಮ ಆಳ್ವಿಕೆಯ ಕಾಲದಲ್ಲಿ, 1895ರಿಂದ 1945ರ ನಡುವೆ, ಬೆಟ್ಟದ ಸೈಪ್ರೆಸ್ ಮರಗಳನ್ನು ಇಳಿಸಲೆಂದು ಹಾಕಿದ ಈ 762 ಮಿಲಿಮೀಟರ್ ಅಗಲದ ಪುಟ್ಟ ಹಳಿ, ಸಮುದ್ರಮಟ್ಟದಿಂದ 30 ಮೀಟರ್ ಎತ್ತರದಲ್ಲಿ ಹೊರಟು 2,200 ಮೀಟರಿಗೂ ಮೇಲಕ್ಕೇರುತ್ತದೆ. ಒಂದೇ ದಿನದಲ್ಲಿ ಬಾಳೆ ಬೆಳೆಯುವ ಸೆಖೆಯಿಂದ ಸ್ವೆಟರ್ ಬೇಡುವ ಚಳಿಗೆ ಹೋದಂತಾಗುತ್ತದೆ. 2009ರ ಚಂಡಮಾರುತದಲ್ಲಿ ಕಡಿದುಹೋಗಿದ್ದ ಮಾರ್ಗ 2024ರ ಜುಲೈಯಲ್ಲಷ್ಟೇ ಪೂರ್ತಿಯಾಗಿ ಮತ್ತೆ ತೆರೆದಿದೆ.

ಇನ್ನೊಂದು ಮಾತು. ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ಜೇಡ್ ಕಲ್ಲಿನ ಎಲೆಕೋಸನ್ನು ಕಾಣಲು ನೂಕುನುಗ್ಗಲಿರುತ್ತದೆ. ಅದನ್ನು ಬಿಡಿ ಎಂದು ಹೇಳಲಾರೆವು, ಆದರೆ ಚಿಯಾಯಿ ಬಳಿ 2015ರಲ್ಲಿ ತೆರೆದ ಅದರ ದಕ್ಷಿಣ ಶಾಖೆ ಏಷ್ಯಾದ ಕಲೆಗೇ ಮೀಸಲಾಗಿದ್ದು, ಭಾರತದ ಜವಳಿ ಮತ್ತು ಬೌದ್ಧ ಶಿಲ್ಪಗಳನ್ನು ಅಲ್ಲಿ ಸಾವಕಾಶವಾಗಿ ನೋಡಬಹುದು.

ಪ್ರಶ್ನೆ: ಯಾವ ತಿಂಗಳು ಒಳ್ಳೆಯದು? ವೀಸಾ ಕಷ್ಟವೇ? — ಓದುಗರು, ಹುಬ್ಬಳ್ಳಿ

ಉತ್ತರ: ಅಕ್ಟೋಬರ್ ಮತ್ತು ನವೆಂಬರ್ ಹಿತಕರ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಚಂಡಮಾರುತಗಳ ಕಾಲ. ಚಳಿಗಾಲದಲ್ಲಿ ತೈಪೆಯಲ್ಲಿ ಜಡಿಮಳೆ ಹಿಡಿದರೆ ಅದೇ ದಿನ ಕಾವೋಶುಂಗ್‌ನಲ್ಲಿ ಒಳ್ಳೆಯ ಬಿಸಿಲಿರುತ್ತದೆ. ಚಾಂದ್ರಮಾನ ಹೊಸವರ್ಷದ ವಾರದಲ್ಲಿ ಅಂಗಡಿಗಳು ಮುಚ್ಚಿ ರೈಲುಗಳು ತುಂಬಿರುವುದರಿಂದ ಆಗ ಹೋಗದಿರುವುದೇ ಲೇಸು. ಭಾರತೀಯರಿಗೆ ವೀಸಾ ಬೇಕು. ಅಮೆರಿಕ, ಜಪಾನ್ ಮೊದಲಾದ ಕೆಲವು ದೇಶಗಳ ವೀಸಾ ಹೊಂದಿದವರಿಗೆ ಆನ್‌ಲೈನ್ ಅನುಮತಿ ಪತ್ರದ ಸೌಲಭ್ಯವಿದೆ. ನಿಯಮಗಳು ಬದಲಾಗುತ್ತಿರುವುದರಿಂದ ಚೆನ್ನೈಯಲ್ಲಿರುವ ತೈಪೆ ಆರ್ಥಿಕ ಮತ್ತು ಸಾಂಸ್ಕೃತಿಕ ಕೇಂದ್ರದಲ್ಲಿ ವಿಚಾರಿಸಿಯೇ ಟಿಕೆಟ್ ಕೊಳ್ಳಿ. ಹ್ವಾಲಿಯೆನ್ ಬಳಿಯ ತಾರೊಕೊ ಕಣಿವೆ 2024ರ ಏಪ್ರಿಲ್ 3ರ ಭೂಕಂಪದಲ್ಲಿ ತೀವ್ರವಾಗಿ ಹಾನಿಗೊಂಡಿದೆ. ಯಾವ ದಾರಿ ತೆರೆದಿದೆ ಎಂಬುದನ್ನು ತಿಳಿಯದೆ ಅದಕ್ಕೆಂದು ದಿನ ಮೀಸಲಿಡಬೇಡಿ.

ಪ್ರಶ್ನೆ: ಅಲ್ಲಿನ ದೇವಸ್ಥಾನಗಳಲ್ಲಿ ಹೊರಗಿನವರು ಪೂಜೆಯಲ್ಲಿ ಭಾಗವಹಿಸಬಹುದೇ? ಮಾಜು ದೇವಿಯ ಮೆರವಣಿಗೆಯ ವಿಡಿಯೊಗಳನ್ನು ನೋಡಿದ್ದೇನೆ. ಅದರಲ್ಲಿ ನಡೆಯಲು ಸಾಧ್ಯವೇ? — ಓದುಗರು, ಕುಂದಾಪುರ

ಉತ್ತರ: ಎರಡೂ ಸಾಧ್ಯ, ಮತ್ತು ತೈವಾನನ್ನು ಅರಿಯಲು ಇದಕ್ಕಿಂತ ಒಳ್ಳೆಯ ದಾರಿ ನಮಗೆ ತೋಚದು. ಅಲ್ಲಿನ ಗುಡಿಗಳಿಗೆ ಯಾರು ಬೇಕಾದರೂ ಹೋಗಬಹುದು. ಜಾತಿ, ಮತ, ದೇಶ ಯಾವುದನ್ನೂ ಯಾರೂ ಕೇಳುವುದಿಲ್ಲ. ಪಾದರಕ್ಷೆ ಕಳಚುವ ಪದ್ಧತಿಯೂ ಸಾಮಾನ್ಯವಾಗಿ ಇಲ್ಲ, ನಮ್ಮವರಿಗೆ ಮೊದಲು ಇದೇ ಮುಜುಗರವಾಗುತ್ತದೆ. ಗುಡಿಗೆ ಎದುರಾಗಿ ನಿಂತಾಗ ಬಲಕ್ಕೆ ಕಾಣುವ ಡ್ರ್ಯಾಗನ್ ಬಾಗಿಲಿನಿಂದ ಒಳಗೆ ಹೋಗಿ, ಎಡಕ್ಕಿರುವ ಹುಲಿ ಬಾಗಿಲಿನಿಂದ ಹೊರಬರಬೇಕು. ನಡುವಿನ ಬಾಗಿಲು ದೇವರದು. ಹೊಸ್ತಿಲನ್ನು ತುಳಿಯದೆ ದಾಟಬೇಕೆಂಬುದನ್ನು ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ.

ತೈಪೆಯ ವಾನ್‌ಹ್ವಾ ಬಡಾವಣೆಯಲ್ಲಿ 1738ರಲ್ಲಿ ಸ್ಥಾಪನೆಯಾದ ಲುಂಗ್‌ಶಾನ್ ದೇವಾಲಯದಿಂದ ಆರಂಭಿಸಿ. ಮುಂದೆ ಬೌದ್ಧರ ಕರುಣಾಮೂರ್ತಿಯಾದ ಗ್ವಾನ್‌ಯಿನ್, ಹಿಂಬದಿಯ ಪಡಸಾಲೆಯಲ್ಲಿ ಮಾಜು, ಯುದ್ಧದೇವತೆ, ಮದುವೆ ಕೂಡಿಸುವ ಚಂದ್ರಲೋಕದ ಮುದುಕ, ಹೀಗೆ ಬೌದ್ಧ, ತಾವೊ ಮತ್ತು ಜಾನಪದ ದೈವಗಳು ಒಂದೇ ಸೂರಿನಡಿ ನೆರೆದಿವೆ. ಜನರು ಕೆಂಪು ಬಣ್ಣದ, ಅರ್ಧಚಂದ್ರಾಕಾರದ ಎರಡು ಮರದ ತುಂಡುಗಳನ್ನು ನೆಲಕ್ಕೆ ಬಿಡುತ್ತಿರುವುದನ್ನು ಅಲ್ಲಿ ಕಾಣುತ್ತೀರಿ. ಒಂದು ತುಂಡು ಬೋರಲಾಗಿ ಇನ್ನೊಂದು ಮಲ್ಲಗಾಗಿ ಬಿದ್ದರೆ ದೇವರ ಒಪ್ಪಿಗೆ ಸಿಕ್ಕಿತು. ಎರಡರ ಚಪ್ಪಟೆ ಮುಖವೂ ಮೇಲೆ ಬಂದರೆ ದೇವರು ನಗುತ್ತಿದ್ದಾನೆ, ಪ್ರಶ್ನೆಯನ್ನು ಸರಿಯಾಗಿ ಕೇಳಬೇಕು. ಎರಡರ ಉಬ್ಬು ಮುಖವೂ ಮೇಲಾದರೆ ಇಲ್ಲ ಎಂದು ಅರ್ಥ. ಮನಸ್ಸಿನಲ್ಲೇ ನಿಮ್ಮ ಹೆಸರು, ಊರು ಹೇಳಿಕೊಂಡು ನೀವೂ ಕೇಳಬಹುದು. ಊದುಬತ್ತಿಯ ವಿಷಯದಲ್ಲಿ ಮಾತ್ರ ಆಯಾ ಗುಡಿಯ ನಿಯಮ ನೋಡಿಕೊಳ್ಳಿ. ತೈಪೆಯ ಶಿಂಗ್‌ಟಿಯನ್ ದೇವಾಲಯ 2014ರಿಂದಲೇ ಅದನ್ನು ಪೂರ್ತಿ ನಿಲ್ಲಿಸಿದೆ.

ಗುಡಿಯೆದುರು ರಂಗಸ್ಥಳ ಕಂಡರೆ ತಪ್ಪದೆ ನಿಲ್ಲಿರಿ. ಯೀಲಾನ್ ಪ್ರದೇಶದಲ್ಲಿ ಹುಟ್ಟಿದ ಗೆಜಾಯ್‌ಶಿ ಎಂಬ ಹಾಡುನಾಟಕವನ್ನೋ ಕೈಗವಸಿನ ಗೊಂಬೆಯಾಟವನ್ನೋ ಹರಕೆ ಹೊತ್ತವರು ಆಡಿಸುತ್ತಾರೆ. ರಂಗಸ್ಥಳ ದೇವರ ಕಡೆಗೆ ಮುಖ ಮಾಡಿರುತ್ತದೆ, ಎಷ್ಟೋ ಸಲ ಎದುರಿನ ಕುರ್ಚಿಗಳೆಲ್ಲ ಖಾಲಿ ಇರುತ್ತವೆ, ಆದರೂ ಆಟ ನಡೆಯುತ್ತದೆ. ನಿಮ್ಮ ಸೀಮೆಯ ಯಕ್ಷಗಾನದ ಹರಕೆಯಾಟವನ್ನು ಬಲ್ಲ ನಿಮಗೆ ಇದರ ಒಳಗುಟ್ಟು ಬೇರೆ ಪ್ರವಾಸಿಗಳಿಗಿಂತ ಬೇಗ ಹೊಳೆದೀತು.

ಇನ್ನು ಮಾಜು. ಸಮುದ್ರಯಾನಿಗಳನ್ನು ಕಾಯುವ ಈ ದೇವಿಯನ್ನು ಚೀನಾದ ಫೂಜಿಯೆನ್ ಕರಾವಳಿಯಿಂದ ಬಂದ ವಲಸಿಗರು ತಮ್ಮ ದೋಣಿಗಳಲ್ಲಿ ತಂದರು. ಚಾಂದ್ರಮಾನದ ಮೂರನೆಯ ತಿಂಗಳಲ್ಲಿ, ಅಂದರೆ ಸುಮಾರು ಏಪ್ರಿಲ್‌ನಲ್ಲಿ, ತೈಚುಂಗ್ ಬಳಿಯ ದಾಜ್ಯಾ ಊರಿನ ಜೆನ್‌ಲಾನ್ ದೇವಾಲಯದಿಂದ ಹೊರಡುವ ಪಲ್ಲಕ್ಕಿ ಚಿಯಾಯಿ ಸೀಮೆಯ ಶಿನ್‌ಗಾಂಗ್ ತಲುಪಿ ಮರಳುತ್ತದೆ. ಒಂಬತ್ತು ದಿನ, ಎಂಟು ರಾತ್ರಿ, ಸುಮಾರು 340 ಕಿಲೋಮೀಟರ್. ಹೊರಡುವ ಮುಹೂರ್ತವನ್ನು ಚಾಂದ್ರಮಾನ ವರ್ಷದ ಮೊದಲ ಹುಣ್ಣಿಮೆಯ ದೀಪೋತ್ಸವದ ಹೊತ್ತಿಗೆ ಆ ಅರ್ಧಚಂದ್ರದ ತುಂಡುಗಳನ್ನೇ ಬಿಟ್ಟು ದೇವಿಯನ್ನು ಕೇಳಿ ನಿಶ್ಚಯಿಸುವುದರಿಂದ, ಫೆಬ್ರುವರಿ ಅಥವಾ ಮಾರ್ಚ್ ಆರಂಭಕ್ಕಿಂತ ಮುಂಚೆ ದಿನಾಂಕ ತಿಳಿಯದು. ಮಿಯಾವ್ಲಿ ಸೀಮೆಯ ಬೈಶಾತುನ್ ಊರಿನ ಮಾಜುವಿನದು ಇನ್ನೂ ವಿಚಿತ್ರ: ಅವಳಿಗೆ ಗೊತ್ತುಮಾಡಿದ ದಾರಿಯೇ ಇಲ್ಲ. ಕೂಡುರಸ್ತೆಯಲ್ಲಿ ಪಲ್ಲಕ್ಕಿ ಯಾವ ಕಡೆ ವಾಲುತ್ತದೋ ಸಾವಿರಾರು ಜನ ಆ ಕಡೆ ನಡೆಯುತ್ತಾರೆ, ಅವಳು ಶಾಲೆಗೋ ಆಸ್ಪತ್ರೆಗೋ ನುಗ್ಗಿದರೂ ಹಿಂದೆಯೇ ಹೋಗುತ್ತಾರೆ. ನಮ್ಮ ಆಯ್ಕೆ ಇದೇ.

ಪೂರ್ತಿ ನಡೆಯಬೇಕೆಂದೇನೂ ಇಲ್ಲ. ಒಂದು ದಿನ ಸೇರಿಕೊಂಡು ಹತ್ತಿರದ ರೈಲು ನಿಲ್ದಾಣದಿಂದ ಹಿಂತಿರುಗಬಹುದು. ದಾರಿಯುದ್ದಕ್ಕೂ ಊರವರು ನೀರು, ಹಣ್ಣು, ಊಟ ಕೊಡುತ್ತಾರೆ, ಹಣ ಮುಟ್ಟುವುದಿಲ್ಲ. ರಸ್ತೆಯಲ್ಲಿ ಸಾಲಾಗಿ ಮಂಡಿಯೂರಿ ಬಾಗಿದವರ ಮೇಲಿಂದ ಪಲ್ಲಕ್ಕಿ ಹಾದುಹೋಗುವಾಗ ನೀವೂ ಆ ಸಾಲಿಗೆ ಸೇರಬಹುದು. ಪಟಾಕಿಯ ಹೊಗೆ ಮತ್ತು ಸದ್ದು ವಿಪರೀತ, ಮಾಸ್ಕ್ ಇರಲಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು. ಉಪವಾಸ ಬೀಳುವ ಭಯವಿದೆ. — ಓದುಗರು, ಶಿರಸಿ

ಉತ್ತರ: ಪೂರ್ವ ಏಷ್ಯಾದಲ್ಲಿ ಸಸ್ಯಾಹಾರಿಗಳಿಗೆ ಇಷ್ಟು ಸುಲಭವಾದ ನಾಡು ಇನ್ನೊಂದಿಲ್ಲ. ಬೌದ್ಧ ಸಂಪ್ರದಾಯದ ಉಪಾಹಾರಗೃಹಗಳು ಸಣ್ಣ ಪೇಟೆಗಳಲ್ಲೂ ಇವೆ. ಹಲಗೆಯ ಮೇಲೆ ಸ್ವಸ್ತಿಕ ಕಂಡರೆ ಅದು ಸಸ್ಯಾಹಾರದ ಗುರುತು. ಅನೇಕ ಕಡೆ ಬೇಕಾದ್ದನ್ನು ನೀವೇ ಬಡಿಸಿಕೊಂಡು ತೂಕಕ್ಕೆ ಹಣ ಕೊಡುತ್ತೀರಿ. "ವೋ ಚಿ ಸು" ಎಂದರೆ ನಾನು ಸಸ್ಯಾಹಾರಿ ಎಂದಾಯಿತು. ಅಲ್ಲಿನ ಕಟ್ಟುನಿಟ್ಟಿನ ಸಸ್ಯಾಹಾರದಲ್ಲಿ ಈರುಳ್ಳಿ, ಬೆಳ್ಳುಳ್ಳಿಗಳೂ ನಿಷಿದ್ಧ. ಬೌದ್ಧರು ವರ್ಜಿಸುವ ಐದು ಘಾಟು ಪದಾರ್ಥಗಳ ಪಟ್ಟಿಯಲ್ಲಿ ನಮ್ಮ ಇಂಗು ಸಹ ಸೇರಿದೆ ಎಂಬುದು ಹವ್ಯಕರ ಅಡುಗೆಮನೆಗೆ ಅಚ್ಚರಿಯಾದೀತು. ಸಸ್ಯಾಹಾರವೆಂದು ಮಾರುವ ಪೊಟ್ಟಣದ ತಿನಿಸುಗಳ ಮೇಲೆ ಮೊಟ್ಟೆ, ಹಾಲು, ಘಾಟು ಪದಾರ್ಥ ಇವೆಯೇ ಎಂಬುದನ್ನು ಪ್ರತ್ಯೇಕವಾಗಿ ನಮೂದಿಸಬೇಕೆಂಬ ಕಾನೂನಿದೆ.

ಎಚ್ಚರ ಬೇಕಾದ್ದು ಸಾಮಾನ್ಯ ಹೋಟೆಲುಗಳಲ್ಲಿ: ಬರೀ ಸೊಪ್ಪಿನ ಪಲ್ಯದ ಮೇಲೂ ಹಂದಿಕೊಬ್ಬನ್ನು ಹಾಕಿರಬಹುದು. ರಾತ್ರಿ ಸಂತೆಗಳಲ್ಲಿ ಗೆಣಸಿನ ಉಂಡೆ, ಸೋಯಾ ಹಾಲಿನ ಮೃದುವಾದ ಡೌಹ್ವಾ, ಕಡಲೆಕಾಯಿ ಪುಡಿ ಮತ್ತು ಕೊತ್ತಂಬರಿ ಸೊಪ್ಪನ್ನು ಐಸ್‌ಕ್ರೀಮಿನೊಡನೆ ಸುತ್ತಿದ ಯೀಲಾನ್ ರೋಲ್ ಇವೆಲ್ಲ ಸಿಗುತ್ತವೆ. ಮುತ್ತಿನ ಚಹಾದ ಕಪ್ಪು ಗುಳಿಗೆಗಳು ಮರಗೆಣಸಿನ ಹಿಟ್ಟಿನವು, ಸಂಶಯ ಬೇಡ. ಗಬ್ಬುವಾಸನೆಯ ತೋಫುವಿನ ಉಪ್ಪುನೀರು ಎಲ್ಲ ಕಡೆಯೂ ಸಸ್ಯಜನ್ಯವಲ್ಲ, ಕೇಳಿ ತಿನ್ನಿ. ದೊಡ್ಡ ನಿಲ್ದಾಣಗಳಲ್ಲಿ ರೈಲ್ವೆಯ ಸಸ್ಯಾಹಾರಿ ಬುತ್ತಿ ಸಿಗುತ್ತದೆ, ಮಧ್ಯಾಹ್ನದೊಳಗೆ ಮುಗಿಯುತ್ತದೆ.

ಪ್ರಶ್ನೆ: ಜಾನಪದ ವಿದ್ಯಾರ್ಥಿನಿ ನಾನು. ಮೂಲನಿವಾಸಿಗಳ ಹಬ್ಬಗಳನ್ನು ಚಿತ್ರೀಕರಿಸಬಹುದೇ? — ಓದುಗರು, ಹಾವೇರಿ

ಉತ್ತರ: ಸರ್ಕಾರದ ಮನ್ನಣೆ ಪಡೆದ 16 ಮೂಲನಿವಾಸಿ ಸಮುದಾಯಗಳಿದ್ದು, ಅವರ ನುಡಿಗಳು ಫಿಲಿಪ್ಪೀನ್ಸ್‌ನಿಂದ ಮಡಗಾಸ್ಕರ್‌ವರೆಗೆ ಹರಡಿದ ಆಸ್ಟ್ರೊನೇಷಿಯನ್ ಕುಟುಂಬಕ್ಕೆ ಸೇರಿವೆ. ಸಂಖ್ಯೆಯಲ್ಲಿ ದೊಡ್ಡವರಾದ ಆಮಿಸರ ಸುಗ್ಗಿಹಬ್ಬ ಜುಲೈ ಮತ್ತು ಆಗಸ್ಟ್‌ನಲ್ಲಿ ಪೂರ್ವ ಕರಾವಳಿಯ ಊರೂರಲ್ಲಿ ಬೇರೆ ಬೇರೆ ದಿನ ನಡೆಯುತ್ತದೆ. ಹ್ವಾಲಿಯೆನ್‌ನ ಮೈದಾನದಲ್ಲಿ ನಡೆಯುವ ಜಂಟಿ ಪ್ರದರ್ಶನಕ್ಕಿಂತ ಒಂದು ಊರಿನ ಹಬ್ಬ ಎಷ್ಟೋ ಮೇಲು, ಆದರೆ ಅಲ್ಲಿ ನೀವು ಪ್ರೇಕ್ಷಕರಲ್ಲ, ಅತಿಥಿ. ಕೆಲವು ವಿಧಿಗಳಿಗೆ ಹೊರಗಿನವರಿಗೆ ಪ್ರವೇಶವೇ ಇಲ್ಲ. ಕುಣಿತದ ವರ್ತುಲಕ್ಕೆ ಕರೆಯದೆ ನುಗ್ಗಬಾರದು. ಸೈಸಿಯಾತ್ ಜನರ ಎರಡು ವರ್ಷಕ್ಕೊಮ್ಮೆಯ, ಐತಿಹ್ಯದ ಕುಳ್ಳ ಜನರ ಆತ್ಮಗಳ ಆರಾಧನೆಯಲ್ಲಿ ಬಂದವರೆಲ್ಲರೂ ತೋಳಿಗೆ ಜೊಂಡುಹುಲ್ಲಿನ ಎಲೆ ಕಟ್ಟಿಕೊಳ್ಳಬೇಕು. ಲಾನ್‌ಯೂ ದ್ವೀಪದ ತಾವ್ ಜನರ ದೋಣಿಗಳನ್ನು, ಅದರಲ್ಲೂ ಹಾರುಮೀನಿನ ಋತುವಿನಲ್ಲಿ, ಅನುಮತಿಯಿಲ್ಲದೆ ಮುಟ್ಟಕೂಡದು. ಕ್ಯಾಮೆರಾ ತೆಗೆಯುವ ಮುನ್ನ ಊರ ಹಿರಿಯರನ್ನು ಕೇಳಿ; ಅಧ್ಯಯನಕ್ಕೆಂದು ಚಿತ್ರೀಕರಿಸುವುದಾದರೆ ಹೊರಡುವ ಮೊದಲೇ ಸಮುದಾಯದ ಲಿಖಿತ ಒಪ್ಪಿಗೆ ಪಡೆಯಿರಿ.

ಪ್ರಶ್ನೆ: ಬಿಸಿನೀರಿನ ಬುಗ್ಗೆಗಳಲ್ಲಿ ಬಟ್ಟೆ ಕಳಚಬೇಕಂತೆ, ಹೌದೇ? ವಿದ್ಯುತ್ ಪ್ಲಗ್ ಹೊಂದುತ್ತದೆಯೇ? — ಓದುಗರು, ಬೆಂಗಳೂರು

ಉತ್ತರ: ತೈಪೆಯ ಮೆಟ್ರೊದಲ್ಲೇ ತಲುಪಬಹುದಾದ ಬೇತೋವಿನ ತೆರೆದ ಸಾರ್ವಜನಿಕ ಕೊಳದಲ್ಲಿ ಗಂಡಸರು, ಹೆಂಗಸರು ಒಟ್ಟಿಗೇ ಇಳಿಯುವುದರಿಂದ ಈಜುಡುಗೆ ಕಡ್ಡಾಯ. ಪ್ರತ್ಯೇಕ ಸ್ನಾನಗೃಹಗಳಲ್ಲಿ ಬಟ್ಟೆಯಿಲ್ಲದೆ ಇಳಿಯುವುದು ರೂಢಿ; ಸಂಕೋಚವಿದ್ದರೆ ಗಂಟೆಯ ಬಾಡಿಗೆಗೆ ಖಾಸಗಿ ಕೋಣೆಗಳಿವೆ. ಎಲ್ಲಿಯಾದರೂ ಮೊದಲು ಮೈ ತೊಳೆದುಕೊಂಡೇ ಇಳಿಯಬೇಕು. ಅಲ್ಲಿನ ವಿದ್ಯುತ್ 110 ವೋಲ್ಟಿನದು, ಚಪ್ಪಟೆ ಕಡ್ಡಿಯ ಪ್ಲಗ್ ಬೇಕು. ಫೋನಿನ ಚಾರ್ಜರುಗಳು ಅಡಾಪ್ಟರ್ ಹಾಕಿದರೆ ನಡೆಯುತ್ತವೆ, ಭಾರತದ ಎಲೆಕ್ಟ್ರಿಕ್ ಕೆಟಲ್ ಬಹುಪಾಲು ನಡೆಯದು.