ಸಂಬಳ 21 ಸಾವಿರ ದಾಟ್ತು, ಇಎಸ್ಐ ಹೋಗುತ್ತಂತೆ: ಎಂಎಲ್ಎಗೆ ಮನವಿ ಕೊಟ್ರೆ ಆಗುತ್ತಾ?

ಪ್ರಶ್ನೆ: ನಾನು ಪೀಣ್ಯದ ಒಂದು ಫ್ಯಾಕ್ಟರೀಲಿ ಆಪರೇಟರ್. ಮೇ ತಿಂಗಳಲ್ಲಿ ಇಂಕ್ರಿಮೆಂಟ್ ಆಗಿ ಸಂಬಳ 21,600 ಆಯ್ತು, ಈ ತಿಂಗಳಿಂದಾನೇ ಇಎಸ್ಐ (ಕಾರ್ಮಿಕರ ಸರ್ಕಾರಿ ಆರೋಗ್ಯ ವಿಮೆ) ಇರಲ್ಲ ಅಂತ ಎಚ್ಆರ್ ಅವ್ರು ಹೇಳ್ತಿದಾರೆ. ಮನೇಲಿ ಹೆಂಡ್ತಿ, ಇಬ್ರು ಮಕ್ಳು, ಶುಗರ್ ಇರೋ ಅಮ್ಮ. ಪ್ರೈವೇಟ್ ಪಾಲಿಸಿ ಅಮ್ಮನ್ನೂ ಸೇರಿಸಿದ್ರೆ ವರ್ಷಕ್ಕೆ ನಲವತ್ತು ಸಾವಿರದ ಹತ್ರ ಆಗುತ್ತೆ ಅಂದ್ರು ಏಜೆಂಟು. ನಾವೊಂದಷ್ಟು ಜನ ಸೇರಿ ಎಂಎಲ್ಎಗೆ ಮನವಿ ಕೊಡೋಣ ಅಂತಿದೀವಿ, ಪ್ರಯೋಜನ ಇದ್ಯಾ ಸರ್?

ಉತ್ತರ: ಮನವಿ ಖಂಡಿತ ಕೊಡಿ, ಆದ್ರೆ ಎಂಎಲ್ಎಗಲ್ಲ, ಎಂಪಿಗೆ. ಅದಕ್ಕೂ ಮುಂಚೆ ನಿಮ್ಮ ಎಚ್ಆರ್ ಹೇಳಿದ್ದು ಸರಿಯಿಲ್ಲ, ಅದನ್ನ ಹೇಳ್ಬಿಡ್ತೀನಿ. ಏಪ್ರಿಲ್ 1ರಿಂದ ಸೆಪ್ಟೆಂಬರ್ 30ರ ತನಕ ಒಂದು ಕಂತಿನ ಅವಧಿ, ಅದ್ರ ಮಧ್ಯೆ ಸಂಬಳ ಜಾಸ್ತಿ ಆದ್ರೂ ಸೆಪ್ಟೆಂಬರ್ ಕೊನೆವರ್ಗೂ ಸಂಬಳದಲ್ಲಿ ನಿಮ್ಮ ಇಎಸ್ಐ ಕಂತು ಹಿಡೀಲೇಬೇಕು, ಕಂಪನಿ ತನ್ನ ಪಾಲೂ ಕಟ್ಲೇಬೇಕು, ಹಾಗೆ ಕಟ್ಟಿದ ಕಂತಿಗೆ ಸೌಲಭ್ಯ ಮುಂದಿನ ವರ್ಷ ಜನವರಿಯಿಂದ ಜೂನ್ ತನಕ ಸಿಗುತ್ತೆ. ಇನ್ನೊಂದು, 21,600ರಲ್ಲಿ ಓಟಿ ದುಡ್ಡು ಸೇರಿದ್ಯಾ ಅಂತ ಪೇ ಸ್ಲಿಪ್ ನೋಡಿ. ಇಎಸ್ಐಗೆ ಇರೋ 21 ಸಾವಿರದ ಲಿಮಿಟ್ ಲೆಕ್ಕಕ್ಕೆ ಓಟಿ ಬರಲ್ಲ. ಎಷ್ಟೋ ಕಡೆ ಇದನ್ನೂ ಸೇರಿಸಿ ಲಿಮಿಟ್ ದಾಟಿಸಿಬಿಡ್ತಾರೆ, ಯಾಕಂದ್ರೆ ಕಂಪನಿಗೆ ತಾನು ಕಟ್ಟೋ ಸಂಬಳದ 3.25 ಪರ್ಸೆಂಟ್ ಉಳಿಯುತ್ತಲ್ಲ.

ಈಗ ಮನವಿ ವಿಷ್ಯಕ್ಕೆ ಬರೋಣ. ಲಿಮಿಟ್ ಫಿಕ್ಸ್ ಮಾಡೋದು ಕೇಂದ್ರ ಸರ್ಕಾರ. 2010ರಲ್ಲಿ 15 ಸಾವಿರ ಮಾಡಿದ್ರು, 2017 ಜನವರಿ 1ಕ್ಕೆ 21 ಸಾವಿರ. ಆಮೇಲೆ ವರ್ಷಗಟ್ಟಲೆ ಅದು ಅಲ್ಲಾಡಲೇ ಇಲ್ಲ. ಇಲ್ಲಿ ನೋಡಿದ್ರೆ ಪ್ರತಿ ಏಪ್ರಿಲ್‌ನಲ್ಲಿ ಬೆಲೆ ಸೂಚ್ಯಂಕ ನೋಡಿ ತುಟ್ಟಿಭತ್ಯೆ ಏರುತ್ತೆ, ಅದ್ರಿಂದ ಸಂಬಳ ಏರುತ್ತೆ, ಸಂಬಳ ಏರಿದ್ದಕ್ಕೆ ಆಸ್ಪತ್ರೆ ಕಾರ್ಡ್ ಹೋಗುತ್ತೆ. 21,000ಕ್ಕೆ ತಿಂಗಳಿಗೆ ನಿಮ್ಮ ಕಂತು 157.50 ರೂಪಾಯಿ, ಕಂಪನಿದು 682.50, ಎರಡೂ ಸೇರಿ 840. ಅಷ್ಟಕ್ಕೆ ಇಡೀ ಮನೆಗೆ ಚಿಕಿತ್ಸೆ, ನಿಮ್ಮನ್ನೇ ನಂಬಿರೋ ಅಮ್ಮನಿಗೂ ಸೇರಿ. ಲಿಮಿಟ್ ಮೇಲೆ ಬಂದಿದ್ದು 600 ರೂಪಾಯಿ, ಅಂದ್ರೆ ವರ್ಷಕ್ಕೆ 7,200, ಅದ್ರಲ್ಲಿ ನಲವತ್ತು ಸಾವಿರದ ಪಾಲಿಸಿ ಹೇಗೆ ತಗೋಳ್ತೀರ?

ಎಲ್ರೂ "ಲಿಮಿಟ್ ಏರಿಸಿ" ಅಂತ ಬರೀತಾರೆ. ನಾನಾದ್ರೆ ಅದನ್ನ ಎರಡನೇ ಬೇಡಿಕೆ ಮಾಡ್ತೀನಿ. 25 ಸಾವಿರ ಮಾಡಿದ್ರೆ 25,500 ಇರೋನು ಹೊರಗೆ, ಕಥೆ ಮತ್ತೆ ಅದೇ. ಮೊದಲ ಬೇಡಿಕೆ ಇದಿರ್ಲಿ: ಒಮ್ಮೆ ಒಳಗೆ ಬಂದ ಕಾರ್ಮಿಕ ಸಂಬಳ ಏರಿದ್ರೂ, ಬೇಕಿದ್ರೆ ಎರಡೂ ಪಾಲು ತಾನೇ ಕಟ್ಟಿ, ಮುಂದುವರಿಯೋಕೆ ಅವಕಾಶ ಕೊಡಿ. ಇದೇನು ಆಗದ ಮಾತಲ್ಲ. ಕನಿಷ್ಠ ಐದು ವರ್ಷ ಇಎಸ್ಐನಲ್ಲಿದ್ದು ರಿಟೈರ್ ಆದವ್ರು ವರ್ಷಕ್ಕೆ 120 ರೂಪಾಯಿ ಕಟ್ಟಿ ಗಂಡ ಹೆಂಡ್ತಿ ಇಬ್ರೂ ಚಿಕಿತ್ಸೆ ತಗೊಳೋ ನಿಯಮ ಇದ್ದೇ ಇತ್ತು, ಅದನ್ನೇ ತೋರಿಸಿ. ಲಿಮಿಟ್ ಅನ್ನೂ ತುಟ್ಟಿಭತ್ಯೆ ಥರ ಸೂಚ್ಯಂಕಕ್ಕೆ ಜೋಡಿಸಿ ಅಂತ ಆಮೇಲೆ ಸೇರಿಸಿ. ಲಿಮಿಟ್ ಏರಿಸೋಕೆ ಪಾರ್ಲಿಮೆಂಟಲ್ಲಿ ಹೊಸ ಕಾನೂನೇ ಬೇಕಿಲ್ಲ, ಕೇಂದ್ರದ ಒಂದು ಅಧಿಸೂಚನೆ ಸಾಕು. ಹಾಗಾಗಿ ಎಂಪಿ ಸಾಹೇಬ್ರು "ನೋಡೋಣ, ಬಿಲ್ ಬರ್ಬೇಕು" ಅಂದ್ರೆ ಒಪ್ಪಬೇಡಿ, ಲೋಕಸಭೇಲಿ ಪ್ರಶ್ನೆ ಹಾಕಿ ಅನ್ನಿ. ಇಎಸ್ಐ ನಡೆಸೋ ನಿಗಮದಲ್ಲೇ ಸಂಸದರಿಗೆ ಸೀಟಿದೆ. ಕೇಂದ್ರ ಕಾರ್ಮಿಕ ಸಚಿವರೇ ಅದ್ರ ಅಧ್ಯಕ್ಷರು, ಅವ್ರಿಗೂ ಒಂದು ಕಾಪಿ ಹಾಕಿ.

ಸಹಿ ಹಾಕಿದೋರ ಪಟ್ಟಿ ಒಂದೇ ಕೊಟ್ರೆ ಯಾರೂ ಓದಲ್ಲ. ಹೆಸ್ರು ಮುಚ್ಚಿದ ಎರಡು ಪೇ ಸ್ಲಿಪ್ (ಇಂಕ್ರಿಮೆಂಟ್‌ಗೆ ಮುಂಚಿಂದು, ಆಮೇಲಿಂದು), ಜೊತೆಗೆ ಆ ಏಜೆಂಟ್ ಕೊಟ್ಟ ಕೊಟೇಶನ್, ಇಷ್ಟು ಲಗತ್ತಿಸಿ, ಒಂದೇ ಪುಟದಲ್ಲಿ ಮುಗಿಸಿ.

ಎಂಎಲ್ಎ ಹತ್ರನೂ ಕೆಲ್ಸ ಇದೆ, ಬೇರೆ ಥರದ್ದು. ಇಎಸ್ಐ ಡಿಸ್ಪೆನ್ಸರಿಗಳನ್ನ ನಡೆಸೋದು ರಾಜ್ಯದ ಇಲಾಖೆ, ಅಲ್ಲಿ ಔಷಧಿ ಇಲ್ಲ, ಡಾಕ್ಟ್ರಿಲ್ಲ ಅನ್ನೋದನ್ನ ಅವ್ರಿಗೆ ಹೇಳಿ.

ಪ್ರೈವೇಟ್ ಪಾಲಿಸಿ ತಗೊಳ್ಳಲೇಬೇಕಾಗಿ ಬಂದ್ರೆ, 2025 ಸೆಪ್ಟೆಂಬರ್ 22ರಿಂದ ಮನೆಯವರ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಏಜೆಂಟ್ ಕೊಟೇಶನ್‌ನಲ್ಲಿ ಹಳೇ 18 ಪರ್ಸೆಂಟ್ ಸೇರಿಸಿದಾನಾ ನೋಡಿ. ಅಮ್ಮಂದು ಬೇರೆ ಪಾಲಿಸಿ ಮಾಡಿದ್ರೆ ನಿಮ್ಮ ನಾಲ್ವರದ್ದು ಸಾಮಾನ್ಯವಾಗಿ ಕಮ್ಮಿಗೆ ಬರುತ್ತೆ. ಫಾರ್ಮ್‌ನಲ್ಲಿ ಅವ್ರ ಶುಗರ್ ಮಾತ್ರ ಮುಚ್ಚಿಡಬೇಡಿ, ಬರೆದ್ರೆ ಶುಗರ್ ಕ್ಲೇಮ್‌ಗೆ ಹೆಚ್ಚಂದ್ರೆ ಮೂರು ವರ್ಷ ಕಾಯಿಸ್ತಾರೆ, ಮುಚ್ಚಿಟ್ರೆ ಕ್ಲೇಮ್ ಟೈಮಲ್ಲಿ ಕೈ ಎತ್ತಿಬಿಡ್ತಾರೆ.