ಮೋಡವಿತ್ತು, ಆದರೂ ಮೈ ಸುಟ್ಟಿತು: ಗಾಳ ಹಾಕುವವರ ಪ್ರಶ್ನೆಗಳಿಗೆ ಚರ್ಮತಜ್ಞರ ಉತ್ತರ

ಮಳೆಗಾಲದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಮೇಲೆ ಬೋಟುಗಳು ಕಡಲಿಗೆ ಇಳಿಯುತ್ತವೆ, ಹವ್ಯಾಸಕ್ಕೆ ಗಾಳ ಹಾಕುವವರೂ ರಾಡ್ ಹೊರತೆಗೆಯುತ್ತಾರೆ. ಬಿಸಿಲಿನಿಂದ ಚರ್ಮ ಸುಟ್ಟ ಬಗ್ಗೆ ಕರಾವಳಿಯ ಓದುಗರು ಕಳಿಸಿದ ಕೆಲವು ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ನಾನು ಉಡುಪಿಯಲ್ಲಿ ಬ್ಯಾಂಕ್ ನೌಕರ, ವಯಸ್ಸು 34. ರಜೆಯ ದಿನ ಗೆಳೆಯರ ಜೊತೆ ಮಲ್ಪೆಯಲ್ಲಿ ಅಲೆ ತಡೆಯಲು ಕಟ್ಟಿದ ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ಕೂತು ಗಾಳ ಹಾಕುತ್ತೇನೆ. ಆಗಸ್ಟ್‌ನ ಒಂದು ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಎರಡರವರೆಗೆ ಇದ್ದೆವು. ಪೂರ್ತಿ ಮೋಡ, ತಂಪು ಗಾಳಿ. ತಲೆಗೆ ಕ್ಯಾಪ್ ಇತ್ತು, ಮನೆ ಬಿಡುವಾಗ ಎಸ್‌ಪಿಎಫ್ 50ರ ಸನ್‌ಸ್ಕ್ರೀನ್ ಹಚ್ಚಿದ್ದೆ. ಆದರೂ ಸಂಜೆಯಾಗುತ್ತಲೇ ಕಿವಿ, ಕುತ್ತಿಗೆಯ ಹಿಂಭಾಗ, ಮೊಣಕಾಲು ಉರಿಯಲು ಶುರು. ಈಗ ಸಿಪ್ಪೆ ಏಳುತ್ತಿದೆ. ನೀರಿನ ಪ್ರತಿಫಲನದಿಂದ ಹೀಗಾಯಿತು ಅನ್ನುತ್ತಾರೆ ಗೆಳೆಯರು. ಸನ್‌ಸ್ಕ್ರೀನ್ ಕಂಪನಿ ಬದಲಿಸಬೇಕೇ?

ಉತ್ತರ: ಕಂಪನಿ ಬದಲಿಸುವ ಅಗತ್ಯವಿಲ್ಲ. ಆಗಸ್ಟ್‌ನಲ್ಲಿ ಆ ಕಲ್ಲುಗಳ ಮೇಲೆ ಕೂರುವುದು ಸರಿಯೇ ಅನ್ನುವುದು ಬೇರೆ ಪ್ರಶ್ನೆ. ಅದನ್ನು ನಿಮ್ಮ ಮನೆಯವರು ಕೇಳಲಿ. ನಾನು ಬಿಸಿಲಿಗೆ ಬರುತ್ತೇನೆ.

ಬಿಸಿಲಿನ ಕಾವು ಬೇರೆ, ಚರ್ಮ ಸುಡುವ ಕಿರಣ ಬೇರೆ. ಮೈಗೆ ಬಿಸಿ ಅನ್ನಿಸುವುದು ಬಹುಪಾಲು ಅವಗೆಂಪು ಕಿರಣಗಳಿಂದ. ಸುಡುವುದು ಅತಿನೇರಳೆ ಕಿರಣ, ಅದರಲ್ಲೂ ಮುಖ್ಯವಾಗಿ ಯುವಿಬಿ ಎಂಬ ಬಗೆ. ಅದು ಮೈಗೆ ತಾಗುವಾಗ ಗೊತ್ತೇ ಆಗುವುದಿಲ್ಲ. ತೆಳು ಮೋಡ ಕಾವನ್ನು ತಡೆದರೂ ಅತಿನೇರಳೆ ಕಿರಣದ ಶೇ 80ರವರೆಗೂ ಕೆಳಗೆ ಬಿಡಬಲ್ಲದು. ಮೇಲಿಂದ ಕಡಲ ಗಾಳಿ ಬೆವರನ್ನು ಆರಿಸಿಬಿಡುತ್ತದೆ. ಉರಿಬಿಸಿಲಿದ್ದರೆ ಹನ್ನೊಂದಕ್ಕೇ ಎದ್ದು ಮನೆಗೆ ಹೋಗುತ್ತಿದ್ದ ಮನುಷ್ಯ, ಮೋಡದ ದಿನ ಎರಡು ಗಂಟೆಯವರೆಗೂ ಕೂರುತ್ತಾನೆ. ನಿಮಗೆ ಆಗಿರುವುದೂ ಅದೇ.

ಇನ್ನೊಂದು ವಿಷಯ ಬಹಳ ಜನರ ಗಮನಕ್ಕೆ ಬಂದಿರುವುದಿಲ್ಲ. ನಮ್ಮ ಕರಾವಳಿಯಲ್ಲಿ ಸೂರ್ಯ ನೆತ್ತಿಯ ಮೇಲೆ ನೇರ ಬರುವುದು ವರ್ಷಕ್ಕೆ ಎರಡು ಸಲ. ಒಮ್ಮೆ ಏಪ್ರಿಲ್ ಕೊನೆಯ ವಾರ. ಅದು ಸೆಕೆಯ ಕಾಲವಾದ್ದರಿಂದ ಎಲ್ಲರೂ ಹುಷಾರಾಗಿರುತ್ತಾರೆ. ಇನ್ನೊಮ್ಮೆ ಆಗಸ್ಟ್ ಮಧ್ಯಭಾಗ, 17–18ರ ಆಸುಪಾಸು. ಆಗ ಮಳೆಗಾಲ ಅಂದುಕೊಂಡು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಮೋಡ ಸ್ವಲ್ಪ ಹರಿದರೆ ಸಾಕು, ಏಪ್ರಿಲ್‌ನಷ್ಟೇ ನೆಟ್ಟಗೆ ಬಿಸಿಲು ಬೀಳುತ್ತದೆ. ಗಡಿಯಾರದ ಹನ್ನೆರಡನ್ನೂ ನಂಬಬೇಡಿ. ಭಾರತೀಯ ಕಾಲಮಾನ ಲೆಕ್ಕ ಹಾಕುವ ರೇಖಾಂಶ ನಮಗಿಂತ ಬಹಳ ಪೂರ್ವಕ್ಕಿದೆ. ಹಾಗಾಗಿ ಉಡುಪಿ, ಕಾರವಾರದ ಕಡೆ ಸೂರ್ಯ ಅತಿ ಎತ್ತರಕ್ಕೆ ಏರುವುದು ಸುಮಾರು ಹನ್ನೆರಡೂವರೆ ದಾಟಿದ ಮೇಲೆ. ನೀವು ಬುತ್ತಿ ಬಿಚ್ಚಿ ಊಟಕ್ಕೆ ಕೂರುವ ಹೊತ್ತು ಅದು. ವಾಚು ನೋಡುವ ಬದಲು ನೆರಳು ನೋಡಿ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದಷ್ಟು ಹೊತ್ತೂ ಸುಡುವ ಬಿಸಿಲೇ.

ಪ್ರತಿಫಲನದ ಮಾತು ಅರ್ಧ ನಿಜ. ತೆರೆದ ನೀರು ಅತಿನೇರಳೆ ಕಿರಣದ ಶೇ 10ಕ್ಕಿಂತ ಕಡಿಮೆ ಹಿಂದಕ್ಕೆ ಎರಚುತ್ತದೆ. ಒಣ ಮರಳಿನಿಂದ ಶೇ 15ರಷ್ಟು, ಅಲೆಯ ನೊರೆಯಿಂದ ಶೇ 25ರಷ್ಟು. ಬ್ರೇಕ್‌ವಾಟರ್ ಸುತ್ತ ನೊರೆಗೇನು ಕಡಿಮೆ? ಆದರೆ ನಿಮ್ಮ ಕಿವಿ, ಕುತ್ತಿಗೆ ಸುಟ್ಟದ್ದಕ್ಕೆ ದೊಡ್ಡ ಕಾರಣ ಆಕಾಶವೇ. ನೆಲಕ್ಕೆ ಬರುವ ಯುವಿಬಿಯಲ್ಲಿ ದೊಡ್ಡ ಪಾಲು ಸೂರ್ಯನಿಂದ ನೇರವಾಗಿ ಬರುವುದಿಲ್ಲ. ಗಾಳಿಯಲ್ಲಿ ಚದುರಿ ಎಲ್ಲ ದಿಕ್ಕಿನಿಂದಲೂ ಬರುತ್ತದೆ. ಊರೊಳಗೆ ಮರ, ಗೋಡೆ ಅದನ್ನು ಅಷ್ಟಿಷ್ಟು ತಡೆಯುತ್ತವೆ. ಕಡಲಿಗೆ ಮುಖ ಮಾಡಿ ಕೂತವನಿಗೆ ಅಡ್ಡ ಏನೂ ಇಲ್ಲ. ಬೋಟಿನ ಟಾರ್ಪಲ್ ನೆರಳಲ್ಲಿ ಕೂತವರೂ ಕಪ್ಪಾಗುವುದು ಇದಕ್ಕೇ. ಮುಂದುಗಡೆ ಮಾತ್ರ ಅಂಚಿರುವ ಕ್ರಿಕೆಟ್ ಕ್ಯಾಪ್ ಹಣೆ, ಮೂಗು ಕಾಯುತ್ತದೆ ಅಷ್ಟೇ.

ಈಗ ಸನ್‌ಸ್ಕ್ರೀನ್. ಎಸ್‌ಪಿಎಫ್ ಅಂದರೆ ಸುಡುವ ಕಿರಣವನ್ನು ಕ್ರೀಂ ಎಷ್ಟು ತಡೆಯುತ್ತದೆ ಅನ್ನುವ ಅಳತೆ. ಟ್ಯೂಬಿನ ಮೇಲಿರುವ 50 ಅನ್ನುವ ಅಂಕಿ, ಪ್ರಯೋಗಾಲಯದಲ್ಲಿ ಒಂದು ಚದರ ಸೆಂಟಿಮೀಟರ್ ಚರ್ಮಕ್ಕೆ 2 ಮಿಲಿಗ್ರಾಂ ದಪ್ಪಕ್ಕೆ ಬಳಿದಾಗ ಸಿಕ್ಕಿದ್ದು. ನಾವು ಹಚ್ಚುವುದು ಸಾಮಾನ್ಯವಾಗಿ ಅದರ ಅರ್ಧ, ಕೆಲವರು ಅದಕ್ಕೂ ಕಡಿಮೆ. ಮುಖ, ಕುತ್ತಿಗೆಗೆ ಒಂದು ಟೀ ಚಮಚ, ತೋಳಿಗೆ ಒಂದೊಂದು, ಮೊಣಕಾಲಿನ ಕೆಳಗೆ ಒಂದೊಂದು ಅಂತ ಹಿಡಿಯಿರಿ. ಚಡ್ಡಿ, ಅರ್ಧ ತೋಳಿನ ಶರ್ಟು ಹಾಕಿದವರಿಗೆ ಒಂದು ಸಲಕ್ಕೆ ಐದು ಚಮಚ, ಅಂದರೆ ಸುಮಾರು 25 ಮಿಲಿಲೀಟರ್. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಒಂಬತ್ತರಿಂದ ಎರಡರವರೆಗೆ ಕೂತರೆ ಮೂರು ಸಲ, ಒಟ್ಟು 75 ಮಿಲಿ. ಅಂಗಡಿಯಲ್ಲಿ ಸಿಗುವ 50 ಗ್ರಾಂ ಟ್ಯೂಬು ಒಂದು ಭಾನುವಾರಕ್ಕೂ ಸಾಲದು! ನೀವು ಬೆಳಿಗ್ಗೆ ಒಮ್ಮೆ ಸವರಿಕೊಂಡದ್ದು ಹನ್ನೊಂದೂವರೆಯ ಹೊತ್ತಿಗೆ ಬೆವರು, ಸಿಂಪಡಿಕೆ, ಮುಖ ಒರೆಸಿದ ಬೈರಾಸು ಎಲ್ಲ ಸೇರಿ ಹೋಗಿಯಾಗಿತ್ತು.

ಇಷ್ಟು ಲೆಕ್ಕ ಹಾಕಿದ್ದು ಯಾಕೆಂದರೆ, ದಿನವಿಡೀ ಹೊರಗಿರುವವರಿಗೆ ನನ್ನ ಸಲಹೆ ಯಾವಾಗಲೂ ಬಟ್ಟೆ ಮೊದಲು, ಕ್ರೀಂ ಆಮೇಲೆ. ಬಟ್ಟೆ ಬೆವರಿಗೆ ತೊಳೆದು ಹೋಗುವುದಿಲ್ಲ, ಎರಡು ಗಂಟೆಗೊಮ್ಮೆ ನೆನಪಿಸಿಕೊಳ್ಳಬೇಕಾಗಿಲ್ಲ. ಉದ್ದ ತೋಳಿನ, ಕಾಲರ್ ಇರುವ ಶರ್ಟು, ಪೂರ್ತಿ ಪ್ಯಾಂಟು, ಸುತ್ತಲೂ ಮೂರು ಇಂಚಿನ ಅಂಚಿರುವ ಹ್ಯಾಟು, ಕುತ್ತಿಗೆಯಿಂದ ಮೂಗಿನವರೆಗೆ ಎಳೆದುಕೊಳ್ಳುವ, ಬೈಕಿನವರು ಹಾಕುವಂಥ ಮುಖಗವಸು. ಇವಿಷ್ಟಾದರೆ ಕ್ರೀಂ ಬೇಕಾಗುವುದು ಮುಖದ ಉಳಿದ ಭಾಗ, ಕಿವಿ, ಅಂಗೈ ಹಿಂಭಾಗ, ಚಪ್ಪಲಿ ಹಾಕಿದರೆ ಪಾದದ ಮೇಲ್ಭಾಗಕ್ಕೆ ಮಾತ್ರ. ಪಾದವನ್ನು ಎಲ್ಲರೂ ಮರೆಯುತ್ತಾರೆ.

ಬಟ್ಟೆಯಲ್ಲೂ ವ್ಯತ್ಯಾಸವಿದೆ. ತೆಳುವಾದ ಬಿಳಿ ಹತ್ತಿ ಬನಿಯನ್ ಒದ್ದೆಯಾದರೆ ಹೆಚ್ಚುಕಡಿಮೆ ಪಾರದರ್ಶಕ. ಒಣಗಿದ್ದಾಗಲೇ ಅದರ ರಕ್ಷಣೆ ಅಷ್ಟಕ್ಕಷ್ಟೆ. ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿ. ನೇಯ್ಗೆಯ ಸಂದಿಯಲ್ಲಿ ಆಚೆಗಿನದು ಕಂಡರೆ ಬಿಸಿಲೂ ಒಳಗೆ ಬರುತ್ತದೆ. ಒತ್ತಾದ ನೇಯ್ಗೆ, ಗಾಢ ಬಣ್ಣ, ಬೇಗ ಆರುವ ಪಾಲಿಯೆಸ್ಟರ್ ಒಳ್ಳೆಯದು. ಯುಪಿಎಫ್ 50 ಅಂತ ಬರೆದಿರುವ ಬಟ್ಟೆ ಐವತ್ತರಲ್ಲಿ ಒಂದು ಪಾಲು ಕಿರಣವನ್ನಷ್ಟೇ ಒಳಗೆ ಬಿಡುತ್ತದೆ. ಆದರೆ ಅದನ್ನೇ ಕೊಳ್ಳಬೇಕೆಂದೇನಿಲ್ಲ, ಮನೆಯಲ್ಲಿರುವ ದಪ್ಪ ಶರ್ಟೂ ಆದೀತು.

ಈಗ ಏಳುತ್ತಿರುವ ಸಿಪ್ಪೆಯನ್ನು ಕೀಳಬೇಡಿ. ವಾಸನೆ ಇಲ್ಲದ ಸಾದಾ ಮಾಯಿಶ್ಚರೈಸರ್ ಹಚ್ಚಿ, ಆ ಜಾಗಕ್ಕೆ ಎರಡು ವಾರ ಬಿಸಿಲು ತಾಗಿಸಬೇಡಿ. ಮುಂದೆಂದಾದರೂ ಸುಟ್ಟರೆ ಉರಿ ಶುರುವಾದ ಕೂಡಲೇ ತಣ್ಣೀರಿನ ಬಟ್ಟೆ ಹತ್ತು ಹದಿನೈದು ನಿಮಿಷ ಇಡಿ, ಲೋಳೆಸರ ಹಚ್ಚಬಹುದು, ನೀರು ಹೆಚ್ಚು ಕುಡಿಯಿರಿ. ಐಸ್, ಟೂತ್‌ಪೇಸ್ಟ್ ಬೇಡ. ಕೆಂಪು, ಉರಿ 12ರಿಂದ 24 ಗಂಟೆಯೊಳಗೆ ಏರುತ್ತಲೇ ಹೋಗುತ್ತದೆ, ಸಂಜೆ ಕಂಡದ್ದೇ ಪೂರ್ತಿ ಅಂದುಕೊಳ್ಳಬೇಡಿ. ದೊಡ್ಡ ಬೊಬ್ಬೆ, ಚಳಿಜ್ವರ, ವಾಂತಿ, ತಲೆಸುತ್ತು ಬಂದರೆ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ನಾವು ಗಂಗೊಳ್ಳಿಯವರು. ನಮ್ಮ ಮನೆಯವರು ಇಪ್ಪತ್ತು ವರ್ಷದಿಂದ ನಾಡದೋಣಿಯಲ್ಲಿ ಹೋಗುತ್ತಾರೆ. ತೆಂಗಿನೆಣ್ಣೆ ಬಳಿದುಕೊಂಡು, ತಲೆಗೆ ಮುಂಡಾಸು ಸುತ್ತಿಕೊಂಡು ಹೊರಡುತ್ತಾರೆ. ಕ್ರೀಂ ಹಚ್ಚಿ ಅಂದರೆ ‘ಕಪ್ಪು ಮೈಗೆ ಅದೆಲ್ಲ ಎಂತಕೆ’ ಅಂತ ನಗುತ್ತಾರೆ. ಈಗ ಕೆಳತುಟಿ ಯಾವಾಗಲೂ ಒಡೆದು ಬಿಳಿ ಪದರ ಕಟ್ಟಿದ ಹಾಗಿರುತ್ತದೆ. ಕಣ್ಣಲ್ಲಿ ಮೂಗಿನ ಬದಿಯಿಂದ ಮಾಂಸ ಬೆಳೆಯುತ್ತಿದೆ. ಬೀಡಿ ಸೇದುತ್ತಾರೆ.

ಉತ್ತರ: ತುಟಿ, ಕಣ್ಣು ಎರಡನ್ನೂ ಈ ತಿಂಗಳಲ್ಲೇ ತೋರಿಸಿ. ಉಳಿದದ್ದು ಆಮೇಲೆ.

ಕೆಳತುಟಿ ಮೇಲಕ್ಕೆ ಮುಖ ಮಾಡಿರುವುದರಿಂದ ನೇರ ಬಿಸಿಲು ಅದಕ್ಕೇ ಹೆಚ್ಚು. ವರ್ಷಗಟ್ಟಲೆ ಬಿಸಿಲು, ಅದರ ಮೇಲೆ ಬೀಡಿ ಸೇರಿದರೆ ತುಟಿಯ ಅಂಚು ಮಸುಕಾಗಿ, ಒರಟಾಗಿ, ಮಾಯದ ಬಿರುಕು ಬೀಳುತ್ತದೆ. ಇದು ಕೆಲವರಲ್ಲಿ ಮುಂದೆ ಕ್ಯಾನ್ಸರ್ ಆಗುವ ಹಂತ. ನಿಮ್ಮವರಿಗೆ ಅದೇ ಆಗಿದೆ ಅಂತ ನಾನು ಇಲ್ಲಿಂದ ಹೇಳಲಾರೆ. ಮೂರು ವಾರವಾದರೂ ಮಾಯದ ತುಟಿ ಹುಣ್ಣನ್ನು ಡಾಕ್ಟರು ಕಣ್ಣಾರೆ ನೋಡಲೇಬೇಕು. ಬೇಕಿದ್ದರೆ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಬೀಡಿ ಬಿಡಬೇಕು. ಎಸ್‌ಪಿಎಫ್ ಇರುವ ಲಿಪ್ ಬಾಮ್ ಹಚ್ಚಬೇಕು. ನಗುವವರು ನಗಲಿ.

ಕಣ್ಣಲ್ಲಿ ಬೆಳೆಯುತ್ತಿರುವುದು ಪ್ರಾಯಶಃ ದುರ್ಮಾಂಸ. ಬಿಸಿಲು, ಗಾಳಿಯಲ್ಲಿ ದುಡಿಯುವವರಲ್ಲಿ ಬಹಳ ಸಾಮಾನ್ಯ. ಕ್ಯಾನ್ಸರ್ ಅಲ್ಲ, ಆದರೆ ಕಪ್ಪುಗುಡ್ಡೆಯ ಮೇಲೆ ಹರಡಿದರೆ ದೃಷ್ಟಿ ಕೆಡುತ್ತದೆ. ಕಪ್ಪು ಕನ್ನಡಕ ಬೇಕು. ಪೋಲರೈಸ್ಡ್ ಗಾಜು ನೀರಿನ ಮೇಲಿನ ಝಳಪು ತೆಗೆದು ಒಳಗಿನ ಮೀನು ಕಾಣಿಸುತ್ತದೆ. ಅತಿನೇರಳೆ ಕಿರಣ ತಡೆಯುವ ಗುಣ ಅದಕ್ಕಿಂತ ಬೇರೆ. ‘ಯುವಿ 400’ ಎಂದು ಬರೆದಿದೆಯೇ ನೋಡಿ ಕೊಳ್ಳಿ.

ಕಪ್ಪು ಮೈಯ ಮಾತಿಗೆ ಬಂದರೆ, ಅವರು ಪೂರ್ತಿ ತಪ್ಪಲ್ಲ. ಕಪ್ಪು ಬಣ್ಣ ಕೊಡುವ ಮೆಲನಿನ್ ಹೆಚ್ಚಿರುವ ಚರ್ಮ ಬೇಗ ಸುಡುವುದಿಲ್ಲ, ಬಿಳಿಯರಿಗೆ ಹೋಲಿಸಿದರೆ ನಮ್ಮಲ್ಲಿ ಚರ್ಮದ ಕ್ಯಾನ್ಸರ್ ಬಹಳ ಕಡಿಮೆ. ವಿದೇಶದ ಎಚ್ಚರಿಕೆಗಳನ್ನೆಲ್ಲ ಹಾಗೇ ಎತ್ತಿ ತಂದು ಇಲ್ಲಿಯವರನ್ನು ಹೆದರಿಸುವುದು ನನಗೂ ಇಷ್ಟವಿಲ್ಲ. ಆದರೆ ತುಟಿಯಲ್ಲಿ ಮೆಲನಿನ್ ಕಡಿಮೆ, ಕಣ್ಣಿಗೆ ಆ ರಕ್ಷಣೆ ಇಲ್ಲವೇ ಇಲ್ಲ. ತೆಂಗಿನೆಣ್ಣೆ ಉಪ್ಪುನೀರಿಗೆ ಚರ್ಮ ಒಣಗದಂತೆ ನೋಡಿಕೊಳ್ಳುತ್ತದೆ, ಬಿಸಿಲಿಗೆ ಅದನ್ನು ನಂಬಲಾಗದು. ದಿನವೂ ಕಡಲಿಗೆ ಹೋಗುವವರಿಗೆ ಮೈಗೆಲ್ಲ ಸನ್‌ಸ್ಕ್ರೀನ್ ಹಚ್ಚಿ ಅಂತ ನಾನು ಹೇಳುವುದಿಲ್ಲ, ಆ ಖರ್ಚು ಯಾರಿಗೂ ಪೂರೈಸದು. ಉದ್ದ ತೋಳಿನ ಶರ್ಟು ಹಾಕಲಿ. ಮುಂಡಾಸಿನ ಒಂದು ತುದಿ ಕುತ್ತಿಗೆಯ ಹಿಂದೆ, ಕಿವಿಯ ಮೇಲೆ ಇಳಿಬೀಳುವಂತೆ ಬಿಡಲಿ.

ಪ್ರಶ್ನೆ: ಹೊನ್ನಾವರದವಳು. ಶರಾವತಿ ಅಳಿವೆಯಲ್ಲಿ ಮನೆಯವರೆಲ್ಲ ಸೇರಿ ಗಾಳ ಹಾಕಲು ಹೋಗಿದ್ದೆವು. ಎರಡು ದಿನ ಬಿಟ್ಟು ನನ್ನ ಕೈಬೆರಳುಗಳ ಮೇಲೆ ಉರಿ, ಆಮೇಲೆ ನೀರು ಇಳಿದ ಹಾಗೆ ಉದ್ದುದ್ದ ಕಪ್ಪು ಗೆರೆಗಳು. ಬೇರೆಲ್ಲೂ ಇಲ್ಲ. ಗಾಳಕ್ಕೆ ಪೋಣಿಸಿದ ಸಿಗಡಿಯ ಅಲರ್ಜಿಯೇ?

ಉತ್ತರ: ಸಿಗಡಿ ಮುಟ್ಟಿದ ಕೈಯ ವಾಸನೆ ಹೋಗಲಿ ಎಂದು ಲಿಂಬೆಹಣ್ಣು ಉಜ್ಜಿಕೊಂಡಿರಾ? ಅಥವಾ ಮಜ್ಜಿಗೆಗೋ ಪಾನಕಕ್ಕೋ ಲಿಂಬೆ ಹಿಂಡಿದ್ದು ನೀವೇನಾ? ಗೆರೆಯ ಆಕಾರ ನೋಡಿದರೆ ನನಗೆ ಅನುಮಾನ ಅದರ ಮೇಲೆಯೇ. ಲಿಂಬೆಯ ಸಿಪ್ಪೆ, ರಸದಲ್ಲಿರುವ ಫ್ಯುರೊಕೂಮರಿನ್ ಎಂಬ ವಸ್ತು ಚರ್ಮದ ಮೇಲಿದ್ದಾಗ ಯುವಿಎ ಎಂಬ ಇನ್ನೊಂದು ಬಗೆಯ ಅತಿನೇರಳೆ ಕಿರಣ ಬಿದ್ದರೆ ಆ ಜಾಗ ಮಾತ್ರ ಸುಡುತ್ತದೆ. ರಸ ಹರಿದ ದಾರಿಯೇ ಗೆರೆಯಾಗಿ ಉಳಿಯುತ್ತದೆ. ಕಾಣಿಸಿಕೊಳ್ಳುವುದು ಒಂದೆರಡು ದಿನ ತಡವಾಗಿ. ಕಪ್ಪು ತಾನಾಗಿ ಹೋಗುತ್ತದೆ, ಆದರೆ ನಮ್ಮ ಚರ್ಮದಲ್ಲಿ ಕೆಲವು ತಿಂಗಳೇ ಹಿಡಿಯಬಹುದು. ಬೇಗ ಬೆಳ್ಳಗಾಗಲೆಂದು ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಬೆರೆತ ಕ್ರೀಂ ತರಬೇಡಿ. ಲಿಂಬೆಯನ್ನು ಮನೆಗೆ ಬಂದು ಉಜ್ಜಿಕೊಳ್ಳಿ, ಸೋಪಿನಲ್ಲಿ ತೊಳೆದ ಮೇಲೆ ಹೊರಗೆ ಹೋಗಿ.

ಪ್ರಶ್ನೆ: ಸನ್‌ಸ್ಕ್ರೀನ್ ವಾಸನೆಗೆ ಮೀನು ಗಾಳ ಕಚ್ಚುವುದಿಲ್ಲ ಅನ್ನುತ್ತಾರೆ. ಸೊಳ್ಳೆ ಮುಲಾಮೂ ಹಚ್ಚಬೇಕಲ್ಲ, ಯಾವುದು ಮೊದಲು? (ಮಂಗಳೂರು)

ಉತ್ತರ: ಮೀನಿನ ಮನಸ್ಸು ನನ್ನ ವಿಷಯವಲ್ಲ. ಆದರೆ ಅಂಗೈಗೆ ಸನ್‌ಸ್ಕ್ರೀನ್ ಬೇಕಾಗಿಲ್ಲ. ಹಚ್ಚಿ, ಅಂಗೈ ಮತ್ತು ಬೆರಳ ತುದಿ ಸೋಪಿನಲ್ಲಿ ತೊಳೆದು, ಆಮೇಲೆ ಸಿಗಡಿ ಪೋಣಿಸಿ, ಜಗಳವೇ ಇಲ್ಲ. ಕಡ್ಡಿಯ ಆಕಾರದಲ್ಲಿ ಬರುವ ಸನ್‌ಸ್ಕ್ರೀನ್ ಆದರೆ ಕೈಗೆ ಅಂಟುವುದೇ ಇಲ್ಲ. ಸನ್‌ಸ್ಕ್ರೀನ್ ಮೊದಲು, ಅದು ಆರಿದ ಮೇಲೆ ಸೊಳ್ಳೆ ಮುಲಾಮು. ಡೀಟ್ ಎಂಬ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಮುಲಾಮು ಸನ್‌ಸ್ಕ್ರೀನಿನ ಬಲವನ್ನು ಸ್ವಲ್ಪ ಕುಗ್ಗಿಸುತ್ತದೆ, ಕೆಲವು ಪ್ಲಾಸ್ಟಿಕ್‌ಗಳನ್ನೂ ಕರಗಿಸುತ್ತದೆ. ಆ ಕೈಯಲ್ಲಿ ಕನ್ನಡಕ, ರಬ್ಬರಿನಂಥ ಕೃತಕ ಬೈಟು ಮುಟ್ಟಬೇಡಿ.

ಪ್ರಶ್ನೆ: ಇಲಿಜ್ವರ ಬಾರದಿರಲೆಂದು ಡಾಕ್ಟರು ವಾರಕ್ಕೊಮ್ಮೆ ಡಾಕ್ಸಿಸೈಕ್ಲಿನ್ ಕೊಟ್ಟಿದ್ದಾರೆ. ಗದ್ದೆ ಕೆಲಸ ನನ್ನದು, ಬಿಡುವಾದಾಗ ಹೊಳೆಯಲ್ಲಿ ಗಾಳ ಹಾಕುತ್ತೇನೆ. ಈ ವರ್ಷ ಅರ್ಧ ಗಂಟೆ ಬಿಸಿಲಿಗೇ ಮುಖ, ಕೈ ಉರಿಯುತ್ತದೆ. ಮಾತ್ರೆ ಬಿಡಲೇ? (ಬೈಂದೂರು)

ಉತ್ತರ: ನೀವಾಗಿ ಬಿಡಬೇಡಿ. ಇಲಿಜ್ವರ ಪ್ರಾಣಕ್ಕೆ ಕುತ್ತು ತರುವ ಕಾಯಿಲೆ, ಕೆಸರು ನೀರಿಗೆ ಇಳಿಯುವವರಿಗೆ ಆ ಮಾತ್ರೆ ಕೊಡುವುದು ಸುಮ್ಮನಲ್ಲ. ಆದರೆ ಡಾಕ್ಸಿಸೈಕ್ಲಿನ್ ಚರ್ಮವನ್ನು ಬಿಸಿಲಿಗೆ ನಾಜೂಕು ಮಾಡುವುದು ಗೊತ್ತಿರುವ ಅಡ್ಡಪರಿಣಾಮ. ರಕ್ತದೊತ್ತಡಕ್ಕೆ ಕೊಡುವ ಹೈಡ್ರೊಕ್ಲೋರೊಥಯಜೈಡ್, ನೋವಿಗೆ ಕೊಡುವ ನೆಪ್ರೋಕ್ಸೆನ್, ಪಿರೋಕ್ಸಿಕಾಂ ಮಾತ್ರೆಗಳಿಂದಲೂ ಹೀಗಾಗಬಹುದು. ಇದಕ್ಕೆ ಮುಖ್ಯ ಕಾರಣ ಯುವಿಎ ಆದ್ದರಿಂದ, ಸನ್‌ಸ್ಕ್ರೀನ್ ಕೊಳ್ಳುವಾಗ ಎಸ್‌ಪಿಎಫ್ ಮಾತ್ರವಲ್ಲ, ಯುವಿಎ ತಡೆಯುವ ಬಲವನ್ನು ಹೇಳುವ ‘ಪಿಎ’ ಅಕ್ಷರದ ಮುಂದೆ ಮೂರು ಅಥವಾ ನಾಲ್ಕು ಕೂಡಿಸುವ ಚಿಹ್ನೆ ಇದೆಯೇ ನೋಡಿ. ಹೊಳೆಗೆ ಬೆಳಿಗ್ಗೆ ಬೇಗ ಅಥವಾ ನಾಲ್ಕರ ನಂತರ ಹೋಗಿ. ಕಾಲಿನಲ್ಲಿ ಗಾಯವಿದ್ದರೆ ನೀರಿಗೆ ಇಳಿಯಬೇಡಿ. ಇದೇ ಪ್ರಶ್ನೆಯನ್ನು ಮಾತ್ರೆ ಬರೆದುಕೊಟ್ಟ ಡಾಕ್ಟರ ಹತ್ತಿರವೂ ಕೇಳಿ. ಎಷ್ಟು ವಾರ ಬೇಕು, ಯಾವಾಗ ನಿಲ್ಲಿಸಬಹುದು ಅನ್ನುವುದನ್ನು ಅವರೇ ಹೇಳಬೇಕು.